ನೋಟಿಸ್ ಬಂದ ಮೇಲೆ ನರ್ಸ್ ಎಲ್ಲಿಗೆ ಹೋಗಬೇಕು?

ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ವಾರ್ಡಿನಲ್ಲಿ ಔಷಧದ ಲೆಕ್ಕ ಒಪ್ಪಿಸಬೇಕು. ನೋವಿನ ಇಂಜೆಕ್ಷನ್ ಎಷ್ಟಿದ್ದವು, ಯಾವ ರೋಗಿಗೆ ಎಷ್ಟು ಹೋಯಿತು, ಉಳಿದದ್ದೆಷ್ಟು. ರಿಜಿಸ್ಟರಿಗೂ ದಾಸ್ತಾನಿಗೂ ತಾಳೆಯಾಗದ ದಿನ ಎಲ್ಲರ ಕಣ್ಣು ಹೋಗುವುದು ಕೀಲಿ ಹಿಡಿದ ಸಿಸ್ಟರ್ ಕಡೆಗೆ. ಎಷ್ಟೋ ಸಲ ಆ ಅನುಮಾನ ಸುಳ್ಳು. ನಿಜವಾಗಿದ್ದಾಗ ಆಕೆಯ ಮುಂದೆ ಎರಡೇ ದಾರಿ ಕಾಣುತ್ತವೆ: ಮುಚ್ಚಿಡುವುದು ಅಥವಾ ಕೆಲಸ ಬಿಟ್ಟು ಹೋಗುವುದು.

ವಾರ್ಡಿನವರು ಫೋರ್ಟ್‌ವಿನ್ ಎನ್ನುವ ಪೆಂಟಾಜೋಸಿನ್ ಮತ್ತು ಟ್ರಮಡಾಲ್, ಎರಡೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಔಷಧಗಳು. ಎರಡಕ್ಕೂ ಚಟ ಹಿಡಿಸುವ ಗುಣವಿದೆ. ಟ್ರಮಡಾಲ್ 2018ರಲ್ಲಿ ಮಾದಕ ದ್ರವ್ಯ ಕಾಯ್ದೆಯ ಪಟ್ಟಿಗೂ ಸೇರಿತು. ನರ್ಸ್‌ಗಳ ಮಟ್ಟಿಗೆ ಅಪಾಯ ಹೆಚ್ಚುವುದಕ್ಕೆ ಕಾರಣ ಸರಳ. ನಿಂತು ನಿಂತು ಸೊಂಟ ಹಿಡಿದಿರುತ್ತದೆ, ಹಗಲು ಮಲಗಿದರೆ ನಿದ್ದೆ ಹತ್ತುವುದಿಲ್ಲ, ಔಷಧ ಕೈಯಳತೆಯಲ್ಲಿದೆ, ಡೋಸ್ ಎಷ್ಟೆಂಬುದೂ ಗೊತ್ತು. ಗೊತ್ತಿದೆ ಎಂಬ ಆ ಭರವಸೆಯೇ ಮೊದಲು ಕೈಕೊಡುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಊರುಗಳಲ್ಲಿ ನರ್ಸ್ ಎಂದರೆ ಒಂದೇ ಬಗೆಯ ನೌಕರಿಯಲ್ಲ. ಕಾಯಂ ಸರ್ಕಾರಿ ನರ್ಸಿಗೆ 1957ರ ಕರ್ನಾಟಕ ನಾಗರಿಕ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ರಕ್ಷಣೆ ಇದೆ. ಆರೋಪಪಟ್ಟಿ ಕೊಡಬೇಕು, ದಾಖಲೆ ತೋರಿಸಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು ಬಿಡಬೇಕು. ಅಮಾನತು ಮಾಡಿದ ಮೇಲೆ ಮೂರು ತಿಂಗಳೊಳಗೆ ಆರೋಪಪಟ್ಟಿ ಬರದಿದ್ದರೆ ಅಮಾನತನ್ನು ಎಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆಯ ಮೇಲೆ ದುಡಿಯುವ ನರ್ಸಿಗೆ ಈ ನಿಯಮಗಳ ಆಸರೆ ಇಲ್ಲ; ಗುತ್ತಿಗೆ ನವೀಕರಿಸದಿದ್ದರೆ ಮುಗಿಯಿತು. ಖಾಸಗಿ ನರ್ಸಿಂಗ್ ಹೋಮಿನಲ್ಲಿ ದುಡಿಯುವವಳ ಪಾಡು ಇನ್ನೂ ಕಷ್ಟ. ಮೂಲ ಅಂಕಪಟ್ಟಿ, ಸರ್ಟಿಫಿಕೇಟುಗಳನ್ನು ಆಡಳಿತ ಮಂಡಳಿಯೇ ಇಟ್ಟುಕೊಳ್ಳುವ ರೂಢಿ ಇದೆ. ಹಾಗೆ ಇಟ್ಟುಕೊಳ್ಳಲು ಯಾವ ಕಾಯ್ದೆಯೂ ಅಧಿಕಾರ ಕೊಟ್ಟಿಲ್ಲ. ಆದರೂ "ಬರೆದುಕೊಟ್ಟು ಹೋಗು, ಇಲ್ಲಾಂದ್ರ ಪೊಲೀಸರಿಗೆ ಹೇಳ್ತೀವಿ" ಎಂಬ ಮಾತು ಕಿವಿಗೆ ಬಿದ್ದಾಗ ಇಪ್ಪತ್ತೆರಡು ವರ್ಷದ ಹುಡುಗಿ ಏನು ಬೇಕಾದರೂ ಬರೆದುಕೊಡುತ್ತಾಳೆ.

ವಕೀಲರು ಬೇಕಾಗುವುದು ಆ ಗಳಿಗೆಗೆ. ಮಾಲೀಕರ ಮುಂದೆ ಸಹಿ ಹಾಕಿದ ತಪ್ಪೊಪ್ಪಿಗೆ ಮುಂದೆ ಇಲಾಖಾ ವಿಚಾರಣೆಯಲ್ಲೂ ಕೋರ್ಟಿನಲ್ಲೂ ಆಕೆಯ ವಿರುದ್ಧವೇ ನಿಲ್ಲಬಹುದು. ಅದೇ ಪತ್ರ ರಾಜ್ಯ ನರ್ಸಿಂಗ್ ಪರಿಷತ್ತಿಗೂ ಹೋಗಬಹುದು. ಪರಿಷತ್ತು ಇರುವುದು ಬೆಂಗಳೂರಿನಲ್ಲಿ. ದಾದಿಯರು, ಸೂಲಗಿತ್ತಿಯರನ್ನು ಕುರಿತ 1961ರ ರಾಜ್ಯ ಕಾಯ್ದೆಯಡಿ ನೋಂದಣಿ ಪುಸ್ತಕ ಅದರ ಕೈಯಲ್ಲಿದೆ. ಅಲ್ಲಿಂದ ಹೆಸರು ತೆಗೆದರೆ ಈ ಕಸುಬಿನ ಬಾಗಿಲೇ ಮುಚ್ಚಿದಂತೆ. ಗಲ್ಫ್‌ಗೋ ಇಂಗ್ಲೆಂಡಿಗೋ ಹೊರಡಬೇಕೆಂದವರಿಗೆ ಬೇಕಾದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಕೊಡುವುದೂ ಇದೇ ಪರಿಷತ್ತು.

ವಕೀಲರ ಫೀಸು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉತ್ತರವಿದೆ. ಅದರ 12ನೇ ಕಲಂ ಪ್ರಕಾರ ಮಹಿಳೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಆಕೆಯ ಹಕ್ಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಪುರುಷ ನರ್ಸ್‌ಗಳಿಗೂ ಆದಾಯದ ಮಿತಿ ಇಲ್ಲ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ಆ ಕಾಯ್ದೆಯ ಲೆಕ್ಕದಲ್ಲಿ ಕೋರ್ಟ್ ಎಂದರೆ ಬರೀ ಸಿವಿಲ್, ಕ್ರಿಮಿನಲ್ ಕೋರ್ಟಲ್ಲ. ಕಾನೂನಿನಡಿ ರಚನೆಯಾಗಿ ಅರೆನ್ಯಾಯಿಕ ಕೆಲಸ ಮಾಡುವ ಪ್ರಾಧಿಕಾರಗಳೂ ಅದರಲ್ಲಿ ಸೇರುತ್ತವೆ. ಹೆಸರು ತೆಗೆಯುವ ವಿಚಾರಣೆ ನಡೆಸುವ ನರ್ಸಿಂಗ್ ಪರಿಷತ್ತು ಆ ಸಾಲಿಗೇ ಸೇರಬೇಕು ಎಂಬುದು ನನ್ನ ಓದು. ಹಾಗಾದರೆ ಪರಿಷತ್ತಿನ ನೋಟಿಸ್ ಹಿಡಿದು ಯಲಬುರ್ಗಾದ ನರ್ಸ್ ಅಲ್ಲಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೇ ಅರ್ಜಿ ಹಾಕಬಹುದು. ಕುಷ್ಟಗಿ, ಗಂಗಾವತಿಗಳಲ್ಲೂ ಸಮಿತಿಗಳಿವೆ, ಕೊಪ್ಪಳದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾದರೂ ಬೆಂಗಳೂರಿಗೆ ಓಡಬೇಕಿಲ್ಲ; ನಮ್ಮ ಜಿಲ್ಲೆ ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ.

ಇಲಾಖಾ ವಿಚಾರಣೆಯ ದಾರಿ ಸ್ವಲ್ಪ ಇಕ್ಕಟ್ಟು. ಅಲ್ಲಿ ಆರೋಪಿ ನೌಕರರು ಇನ್ನೊಬ್ಬ ಸರ್ಕಾರಿ ನೌಕರರ ನೆರವು ಪಡೆಯಬಹುದು. ವಕೀಲರು ಬೇಕೆಂದರೆ ಸಾಮಾನ್ಯವಾಗಿ ಅನುಮತಿ ಕೇಳಬೇಕು. ಎದುರು ಪಕ್ಷಕ್ಕೆ ಕಾನೂನು ಬಲ್ಲವರು ನಿಂತಿರುವಾಗ ನೌಕರನಿಗೆ ಮಾತ್ರ ವಕೀಲರನ್ನು ನಿರಾಕರಿಸುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಮುಂಬಯಿ ಬಂದರಿನ ದಿಲೀಪ್‌ಕುಮಾರ್ ನಾಡಕರ್ಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಇನ್ನು ಚಿಕಿತ್ಸೆಯ ಮಾತು. 1985ರ ಮಾದಕ ದ್ರವ್ಯ ಕಾಯ್ದೆಯಲ್ಲಿ 64ಎ ಎಂಬ ಕಲಂ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪಕ್ಕೆ ಶಿಕ್ಷೆಯ ವಿಚಾರಣೆ ಇಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿಯೂ ಹೋಗಬಹುದು. ಆಸ್ಪತ್ರೆಯ ಔಷಧ ಕದ್ದ ಆರೋಪಕ್ಕೆ ಈ ಕಲಂ ರಕ್ಷಣೆ ಕೊಡುವುದಿಲ್ಲ, ಅದನ್ನು ಮರೆಯಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ದ್ರವ್ಯದಿಂದಾಗುವ ಮಾನಸಿಕ ಸ್ಥಿತಿಯನ್ನು ಕಾಯಿಲೆಯೆಂದೇ ಎಣಿಸುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವ ಹಕ್ಕನ್ನೂ ಕೊಡುತ್ತದೆ. ತನ್ನ ಆಸ್ಪತ್ರೆಯ ಡಾಕ್ಟರಿಗೆ ತೋರಿಸಲು ನಾಚುವವರು ಗದಗ, ಹುಬ್ಬಳ್ಳಿ ದಾಟಿ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಬಹುದು. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಕಟ್ಟಿದ್ದು ಪಕ್ಕದ ಬಳ್ಳಾರಿಯಲ್ಲೇ. ಈ ಸೀಮೆಗೆ ಇದು ಅಪರಿಚಿತ ವಿಷಯವೇನಲ್ಲ.

ರೋಗಿಯ ಮಾತು ಬಿಟ್ಟು ನರ್ಸಿನ ಹಕ್ಕಷ್ಟೇ ಆಡುವುದು ನನಗೆ ಒಪ್ಪಿಗೆಯಿಲ್ಲ. ಆಪರೇಷನ್ ಆದವರಿಗೆ ಸಲ್ಲಬೇಕಾದ ನೋವಿನ ಔಷಧ ಬೇರೆಯವರ ಮೈ ಸೇರಿದರೆ ಆ ರಾತ್ರಿಯಿಡೀ ನರಳುವವರು ರೋಗಿ. ಅನುಮಾನ ಬಂದ ದಿನವೇ ನರ್ಸನ್ನು ಔಷಧದ ಕೆಲಸದಿಂದ ದೂರ ಇಡಬೇಕು. ಆದರೆ ಗುಟ್ಟಾಗಿ ರಾಜೀನಾಮೆ ಬರೆಸಿಕೊಂಡು ಕಳಿಸಿದರೆ ಆಕೆ ಚಿಕಿತ್ಸೆಯಿಲ್ಲದೆ ಮುಂದಿನ ಊರಿನ ಆಸ್ಪತ್ರೆ ಸೇರುತ್ತಾಳೆ. ಅಲ್ಲಿನ ರೋಗಿಗೂ ಅದೇ ಅಪಾಯ.

ಅಮೆರಿಕದಲ್ಲಿ ಈ ತಿಳಿವಳಿಕೆ 1980ರ ದಶಕದ ಮೊದಲಲ್ಲೇ ಬಂತು. ಫ್ಲಾರಿಡಾ ಮೊದಲ್ಗೊಂಡು ಹಲವು ರಾಜ್ಯಗಳು ಶಿಕ್ಷೆಗೆ ಪರ್ಯಾಯವಾದ ಕಾರ್ಯಕ್ರಮ ರೂಪಿಸಿದವು. ನರ್ಸ್ ಕೆಲಸದಿಂದ ದೂರವಿದ್ದು ಚಿಕಿತ್ಸೆ ಪಡೆಯಬೇಕು, ವರ್ಷಗಟ್ಟಲೆ ಮುನ್ಸೂಚನೆಯಿಲ್ಲದ ಮೂತ್ರ ಪರೀಕ್ಷೆಗೆ ಒಳಪಡಬೇಕು, ಮರಳಿದ ಮೇಲೂ ಕೆಲಕಾಲ ಮಾದಕ ಔಷಧ ಮುಟ್ಟುವಂತಿಲ್ಲ. ಅಲ್ಲಿ ಲೈಸೆನ್ಸ್ ಬೋರ್ಡಿನ ಮುಂದೆ ನರ್ಸ್‌ಗಳ ಪರ ವಾದಿಸುವುದನ್ನೇ ವೃತ್ತಿ ಮಾಡಿಕೊಂಡ ವಕೀಲರಿದ್ದಾರೆ.

ನಮ್ಮಲ್ಲಿ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯು ಹಳೆಯ ಪರಿಷತ್ತುಗಳ ಜಾಗಕ್ಕೆ ರಾಜ್ಯ ಆಯೋಗಗಳನ್ನು ತರಲು ಹೊರಟಿದೆ. ಶಿಸ್ತು ಕ್ರಮದ ನಿಯಮ ಬರೆಯುವಾಗ ಚಿಕಿತ್ಸೆ ಪಡೆದು ಮರಳುವ ದಾರಿಯನ್ನೂ ಬರೆಯಲು ಇದು ಒಳ್ಳೆಯ ಸಮಯ. ನರ್ಸ್‌ಗಳ ಸಂಘಗಳು ಸಂಬಳ, ಬಡ್ತಿಯ ಬೇಡಿಕೆಗಳ ಜೊತೆ ಇದನ್ನೂ ಸೇರಿಸಬೇಕು. ಅಲ್ಲಿಯವರೆಗೆ ಜಿಲ್ಲೆಯ ಪ್ರತಿ ಆಸ್ಪತ್ರೆಯ ಡ್ಯೂಟಿ ರೂಮಿನಲ್ಲೂ ಎರಡು ನಂಬರ್ ಬರೆದು ಅಂಟಿಸಬಹುದು: ಕಾನೂನು ನೆರವಿಗೆ 15100, ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416.