ಉಡುತಡಿಯ ಮನೆ, ಸೊರಬದ ಉಳಿ

ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. 12ನೇ ಶತಮಾನದ ಈ ಹುಡುಗಿ ಎಲ್ಲವನ್ನೂ ಬಿಟ್ಟು ಕಲ್ಯಾಣಕ್ಕೆ ನಡೆದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಅದರಲ್ಲಿ ಅಪ್ಪ ಅಮ್ಮನ ಪಾಲೆಷ್ಟು ಎಂದು ಗಮನಿಸಿದವರು ಕಡಿಮೆ. ಕವಿ ಹರಿಹರನ ರಗಳೆಯಲ್ಲಿ ಹೆತ್ತವರು ಶಿವಭಕ್ತರು; ಮಗಳಿಗೆ ಶಿವನ ಒಲವು ಹತ್ತಿದ್ದು ಆ ಮನೆಯಲ್ಲೇ. ಆಕೆಯನ್ನು ಬಯಸಿದ ರಾಜ ಕೌಶಿಕನಿಗೆ ಹೆದರಿದ ಹೆತ್ತವರನ್ನು ಉಳಿಸಲು ಆಕೆ ಮದುವೆಗೆ ಒಪ್ಪಿದಳು, ಆದರೆ ತಾನೇ ಷರತ್ತು ಹಾಕಿ. ಷರತ್ತು ಮುರಿದಾಗ ಅರಮನೆ ತೊರೆದಳು. ಹೆತ್ತವರ ಮೇಲಿನ ಅಕ್ಕರೆ, ತನ್ನದೇ ದಾರಿ ಹಿಡಿಯುವ ಧೈರ್ಯ, ಎರಡರ ಬೇರೂ ಒಂದೇ ಮನೆಯಲ್ಲಿತ್ತು.

ತನ್ನ ದಾರಿ ಯಾವುದೆಂಬ ಪ್ರಶ್ನೆ ಅಕ್ಕನೊಬ್ಬಳದಲ್ಲ. ಹದಿಹರೆಯವನ್ನು ‘ನಾನು ಯಾರು’ ಎಂದು ಕೇಳಿಕೊಳ್ಳುವ ಕಾಲ ಎಂದವರು ಮನೋವಿಜ್ಞಾನಿ ಎರಿಕ್ ಎರಿಕ್‌ಸನ್. 1966ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಜೇಮ್ಸ್ ಮಾರ್ಷಿಯಾ ಇದನ್ನು ಇನ್ನಷ್ಟು ಬಿಡಿಸಿಟ್ಟರು. ಅವರ ಪ್ರಕಾರ ಕೆಲವರು ಈ ಪ್ರಶ್ನೆಯ ಗೋಜಿಗೇ ಹೋಗುವುದಿಲ್ಲ. ಕೆಲವರು ಹೆತ್ತವರು ತೋರಿಸಿದ್ದನ್ನು ಪ್ರಶ್ನಿಸದೆ ಒಪ್ಪುತ್ತಾರೆ. ಕೆಲವರು ಹುಡುಕಾಟದಲ್ಲಿರುತ್ತಾರೆ, ಇನ್ನು ಕೆಲವರು ಹುಡುಕಿ ನಿರ್ಧರಿಸಿರುತ್ತಾರೆ.

ಎರಡನೆಯವರನ್ನೂ ನಾಲ್ಕನೆಯವರನ್ನೂ ಹೊರಗಿನಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಸೊರಬ, ಸಾಗರಗಳ ಗುಡಿಗಾರರನ್ನೇ ನೋಡಿ. ಶ್ರೀಗಂಧದ ಕೆತ್ತನೆ ಇಲ್ಲಿ ತಂದೆಯಿಂದ ಮಕ್ಕಳಿಗೆ ಬಂದ ವಿದ್ಯೆ. ಅಪ್ಪನ ಉಳಿ ಹಿಡಿದ ಇಬ್ಬರು ಹುಡುಗರು ಅಕ್ಕಪಕ್ಕ ಕೂತಿದ್ದಾರೆ ಎಂದುಕೊಳ್ಳಿ. ಒಬ್ಬ ಬೇರೇನನ್ನೂ ಯೋಚಿಸಲು ಬಿಡದ ಮನೆಯವನು. ಇನ್ನೊಬ್ಬ ಕಾಲೇಜು ಓದಿ, ನಾಲ್ಕು ಕಡೆ ಸುತ್ತಿ, ಬೇಕೆಂದೇ ಮರಳಿದವನು. ಉಳಿ ಒಂದೇ, ಹಿಡಿದ ಬಗೆ ಬೇರೆ.

ಈ ವ್ಯತ್ಯಾಸದಲ್ಲಿ ಮನೆಯ ಮಾತುಕತೆಗೂ ಪಾಲಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಸಂಶೋಧಕರಾದ ಹೆರಾಲ್ಡ್ ಗ್ರೋಟ್‌ವಾಂಟ್ ಮತ್ತು ಕ್ಯಾಥರೀನ್ ಕೂಪರ್ ಹದಿಹರೆಯದವರಿದ್ದ ಕುಟುಂಬಗಳಿಗೆ ಒಟ್ಟಾಗಿ ಪ್ರವಾಸವೊಂದನ್ನು ಯೋಜಿಸುವಂತೆ ಹೇಳಿ, ಯಾರು ಹೇಗೆ ಮಾತಾಡುತ್ತಾರೆಂದು ಆಲಿಸಿದರು. 1985ರಲ್ಲಿ ಪ್ರಕಟವಾದ ಈ ಅಧ್ಯಯನ ಎರಡು ಅಂಶಗಳಿಗೆ ಒತ್ತು ಕೊಟ್ಟಿತು: ಭಿನ್ನ ಅಭಿಪ್ರಾಯ ಹೇಳುವ ಅವಕಾಶ, ಹೇಳಿದ ಮೇಲೂ ಕೆಡದ ಆಪ್ತತೆ.

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಸಂಜೆ ಶಿಕಾರಿಪುರದ ಮನೆಗಳಲ್ಲೂ ಇಂಥದೇ ಮಾತುಕತೆ ನಡೆಯುತ್ತದೆ. ಶಿವಮೊಗ್ಗದ ಹಾಸ್ಟೆಲ್ಲೋ, ಬೆಂಗಳೂರೋ, ಊರಿನ ಮೆಕ್ಕೆಜೋಳದ ಹೊಲವೋ? ‘ನಂಗೆ ಇಂಜಿನಿಯರಿಂಗ್ ಬೇಡ ಅಪ್ಪ’ ಎಂದ ಮಗಳ ಜೊತೆ ಮಾತು ಬಿಡುವ ಅಪ್ಪಂದಿರಿದ್ದಾರೆ. ‘ಮತ್ತೇನು ಓದ್ತೀಯವ್ವಾ, ಹೇಳು’ ಎಂದು ಪಕ್ಕದಲ್ಲೇ ಕೂರುವವರೂ ಇದ್ದಾರೆ.