ಬಿಸಿಲಿಗೆ ಬೂಷ್ಟು ಸಾಯುವುದಿಲ್ಲ

ಮೆಕ್ಕೆಜೋಳದ ಕೊಯ್ಲು ಬಂತೆಂದರೆ ಜಗಳೂರು, ಹೊನ್ನಾಳಿ, ನ್ಯಾಮತಿ ಕಡೆ ಅರ್ಧ ರಸ್ತೆಯೇ ಕಣ. ಕಾದ ಟಾರಿನ ಮೇಲೆ ಹರಡಿದ ಕಾಳು ಮುಟ್ಟಿದರೆ ಚುರ್ ಎನ್ನುತ್ತದೆ. ಇಷ್ಟು ಬಿಸಿಗೆ ಬೂಷ್ಟಿನ ಬೀಜಕಣಗಳು ಸತ್ತೇ ಹೋಗಿರುತ್ತವೆ ಎಂದುಕೊಳ್ಳುತ್ತೇವೆ. ಬಹುಪಾಲು ಸತ್ತಿರುವುದಿಲ್ಲ.

ಬೀಜಕಣ ಸಾಯಲು ಅದರೊಳಗಿನ ಪ್ರೋಟೀನು ಕೆಡಬೇಕು. ನೀರಿದ್ದರೆ ಅದು ಬೇಗ ಕೆಡುತ್ತದೆ. ತೇವವಿದ್ದಾಗ 60-70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವೇ ನಿಮಿಷಕ್ಕೆ ಸಾಯುವ ಬೀಜಕಣ, ಒಣಗಿದ ಮೇಲೆ ಅದೇ ಬಿಸಿಯನ್ನು ಎಷ್ಟೋ ಹೊತ್ತು ತಾಳಿಕೊಳ್ಳುತ್ತದೆ. ಪ್ರಯೋಗಾಲಯದವರಿಗೆ ಇದು ಹಳೆಯ ವಿಷಯ: ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ 15 ನಿಮಿಷ ಸಾಕು, ಒಣ ಶಾಖವಾದರೆ 160 ಡಿಗ್ರಿಗೆ 2 ಗಂಟೆ ಬೇಕು. ಚನ್ನಗಿರಿಯಲ್ಲಿ ಸುಲಿದ ಹಸಿ ಅಡಿಕೆಯನ್ನು ಬೇಯಿಸುವಾಗ ಮೇಲಿನ ಬೂಷ್ಟು ಸಾಯುವುದೂ ಹೀಗೆಯೇ. ಆಮೇಲೆ ಒಣಹಾಕಿದಾಗ ಮೋಡ ಕವಿದರೆ ಗಾಳಿಯಲ್ಲಿನ ಹೊಸ ಬೀಜಕಣಗಳು ಬಂದು ಕೂರುತ್ತವೆ, ಅದು ಬೇರೆ ಮಾತು.

ಹಾಗಾದರೆ ಒಣಗಿಸುವುದು ದಂಡವೇ? ಖಂಡಿತ ಅಲ್ಲ. ಒಣಗಿದ ಕಾಳಿನಲ್ಲಿ ಬೀಜಕಣ ಬದುಕಿರುತ್ತದೆ, ಮೊಳೆಯಲಾರದು. ಕೊಯ್ಲಿನ ಹೊತ್ತಿಗೆ ಶೇ. 20 ದಾಟಿರುವ ತೇವ ಶೇ. 14ಕ್ಕೆ ಇಳಿಯಬೇಕು; ತಿಂಗಳುಗಟ್ಟಲೆ ಇಡುವುದಾದರೆ ಶೇ. 12-13 ಮೇಲು. ಆದರೂ ನಿಶ್ಚಿಂತೆಯಿಲ್ಲ. ಹಗಲಿನ ಸೆಕೆ, ರಾತ್ರಿಯ ತಂಪಿಗೆ ರಾಶಿಯೊಳಗಿನ ತೇವ ಜಾಗ ಬದಲಿಸಿ ತಂಪಾದ ಕಡೆ ಸೇರುತ್ತದೆ. ತಾಡಪಾಲಿನಡಿ ಬೆವರಿದ ಅಷ್ಟು ಜಾಗ ಸಾಕು, ಬೂಷ್ಟು ಎದ್ದೇಳುತ್ತದೆ. ಮೇಲಾಗಿ ಬೂಷ್ಟು ಬೆಳೆಯುತ್ತ ತಾನೇ ನೀರು, ಶಾಖ ಬಿಡುವುದರಿಂದ ಪಕ್ಕದ ಕಾಳೂ ಕೆಡುತ್ತದೆ.

ಬೂಷ್ಟು ಮಲೆನಾಡಿನವರ ತಲೆನೋವು, ಬಯಲುಸೀಮೆಗೆ ಭಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಸ್ಪರ್‌ಜಿಲ್ಲಸ್ ಫ್ಲೇವಸ್ ಎಂಬ ಹಸಿರು ಬೂಷ್ಟಿಗೆ ಬರವೆಂದರೆ ಇಷ್ಟ. ಕಾಳು ಕಟ್ಟುವಾಗ ಮಳೆ ಕೈಕೊಟ್ಟು ಬಿಸಿಲಿಗೆ ಸೊರಗಿದ ಪೈರಿನ ತೆನೆಗೆ ಅದು ಹೊಲದಲ್ಲೇ ಹತ್ತುತ್ತದೆ. ಜಗಳೂರಿಗೆ ಇಂಥ ವರ್ಷ ಹೊಸದೇನಲ್ಲ.

ಈ ಹಸಿರು ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ವಿಷ ಬೀಜಕಣಕ್ಕಿಂತ ಗಟ್ಟಿ. ಕುದಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತನ್ನು ಹಾಳುಮಾಡುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 106 ಜನ ಸತ್ತರು.

ಮನುಷ್ಯರಿಗೆ ಬೇಡವಾದ ಇಂಥ ಕಾಳನ್ನು ತೊಳೆದು ಒಣಗಿಸಿ ಎಮ್ಮೆಗೆ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ: ಆ ವಿಷದ ಒಂದು ಪಾಲು ಹಾಲಿನಲ್ಲಿ ಮನೆಗೇ ಬರುತ್ತದೆ.