ಪಠ್ಯಸಂಪಾದಕದಲ್ಲಿ ಹಿನ್ನೆಲೆಯ ಬಣ್ಣದ ದೋಷ: ಕಾರಣ ಮತ್ತು ಪರಿಹಾರ

ಶಾಸನಪಾಠಗಳನ್ನೂ ಹಳೆಯ ದಾಖಲೆಗಳ ನಕಲುಗಳನ್ನೂ ಗಣಕಯಂತ್ರದಲ್ಲಿ ಸಿದ್ಧಪಡಿಸಲು ‘ವಿಮ್’ ಎಂಬ ಪಠ್ಯಸಂಪಾದಕವನ್ನು ಬಳಸುವವರಿಗೆ ಒಂದು ದೋಷ ಎದುರಾಗುವುದುಂಟು. ಆರಿಸಿದ ಹಿನ್ನೆಲೆಯ ಬಣ್ಣವು ಅಕ್ಷರಗಳ ಹಿಂದೆ ಮಾತ್ರ ನಿಂತು, ಸಾಲಿನ ಉಳಿದ ಭಾಗದಲ್ಲಿ ತೆರೆಯ ಮೂಲ ಬಣ್ಣವೇ ಕಾಣುತ್ತದೆ. ಪುಟವನ್ನು ಸರಿಸಿದಾಗ ಬಣ್ಣವು ತೇಪೆತೇಪೆಯಾಗುತ್ತದೆ. ಕಡತವೇ ಕೆಟ್ಟಿತೆಂದು ಬಗೆದು ಸಾಲುಗಳನ್ನು ತಿದ್ದತೊಡಗಿದರೆ ನಿರ್ದುಷ್ಟವಾದ ಪಾಠವನ್ನು ನಾವೇ ಕೆಡಿಸಿದಂತಾಗುವುದು. ಆದುದರಿಂದ ದೋಷದ ಮೂಲವನ್ನು ಮೊದಲು ನಿರ್ಣಯಿಸಬೇಕು.

ವಿಮ್ ಅನ್ನು ಬ್ರಾಮ್ ಮೂಲೆನಾರ್ ಅವರು 1991ರಲ್ಲಿ ಪ್ರಕಟಿಸಿದರು. ಅದಕ್ಕೆ ಮಾದರಿಯಾದ ‘ವಿಐ’ ಸಂಪಾದಕವು 1976ರಲ್ಲಿ ಬಿಲ್ ಜಾಯ್ ಅವರಿಂದ ರಚಿತವಾದುದು. ಅಂದಿನ ಟರ್ಮಿನಲ್‌ಗಳು ಒಂದೊಂದೂ ಒಂದೊಂದು ಬಗೆಯ ಆಜ್ಞೆಗಳನ್ನು ಅರಿಯುತ್ತಿದ್ದುದರಿಂದ, ಪ್ರತಿಯೊಂದರ ಸಾಮರ್ಥ್ಯವನ್ನೂ ನಮೂದಿಸುವ ‘ಟರ್ಮ್‌ಕ್ಯಾಪ್’ ಎಂಬ ಪಟ್ಟಿಯನ್ನು ಜಾಯ್ ಅವರೇ 1978ರಲ್ಲಿ ರೂಪಿಸಿದರು. ‘ಟರ್ಮ್‌ಇನ್ಫೋ’ ಅದರ ಉತ್ತರಾಧಿಕಾರಿ. ಇದರಲ್ಲಿನ ‘ಬಿಸಿಇ’ ಎಂಬ ನಮೂದಿನ ಅರ್ಥವಿಷ್ಟು: ಅಳಿಸಿದ ಜಾಗಕ್ಕೆ ಟರ್ಮಿನಲ್ ಆಗ ಚಾಲ್ತಿಯಲ್ಲಿರುವ ಹಿನ್ನೆಲೆಯ ಬಣ್ಣವನ್ನೇ ತುಂಬುತ್ತದೆ. ಈ ಸಾಮರ್ಥ್ಯವುಂಟೆಂದು ನಂಬಿದಾಗ ವಿಮ್ ಖಾಲಿ ಜಾಗಕ್ಕೆ ತಾನೇ ಬಣ್ಣ ಹಚ್ಚದೆ, ‘ಸಾಲಿನ ಕೊನೆಯವರೆಗೆ ಅಳಿಸು’ ಎಂದಷ್ಟೇ ಆಜ್ಞಾಪಿಸುತ್ತದೆ. ಟರ್ಮಿನಲ್‌ಗೆ ಆ ಸಾಮರ್ಥ್ಯವಿಲ್ಲದಿದ್ದರೆ ಅಲ್ಲಿ ಮೂಲ ಬಣ್ಣವೇ ಉಳಿಯುತ್ತದೆ.

ಈ ತಪ್ಪು ನಂಬಿಕೆಗೆ ಎರಡು ದಾರಿಗಳುಂಟು. ಮೊದಲನೆಯದು ಸುಳ್ಳು ಸಾಕ್ಷ್ಯ. ‘ಟಿಮಕ್ಸ್’ ಎಂಬ ತಂತ್ರಾಂಶದೊಳಗೆ ‘ಟರ್ಮ್’ ಎಂಬ ಪರಿಸರ ಚರದ ಮೌಲ್ಯವು ‘ಸ್ಕ್ರೀನ್’ ಅಥವಾ ‘ಟಿಮಕ್ಸ್’ ವರ್ಗದ್ದಾಗಿರಬೇಕು. ಬಳಕೆದಾರನ ಆರಂಭಿಕ ಕಡತವು ಅದನ್ನು ‘ಎಕ್ಸ್‌ಟರ್ಮ್’ ಎಂದು ಬದಲಿಸಿದ್ದರೆ, ಟಿಮಕ್ಸ್‌ನ ಹಳೆಯ ಆವೃತ್ತಿಗಳಲ್ಲಿ ಇಲ್ಲದ ಸಾಮರ್ಥ್ಯವನ್ನು ಇದೆಯೆಂದು ಸಾರಿದಂತಾಗುತ್ತದೆ. ಎರಡನೆಯದು ಸಾಕ್ಷ್ಯವನ್ನು ಓದದಿರುವುದು. ‘ಕಿಟ್ಟಿ’ ಎಂಬ ಟರ್ಮಿನಲ್‌ನಲ್ಲಿ ಬಿಸಿಇ ಇಲ್ಲ. ಅದರ ನಮೂದಿನಲ್ಲಿಯೂ ಇಲ್ಲ. ಆದರೂ ವಿಮ್ ಅದು ಇದೆಯೆಂದೇ ಊಹಿಸುವುದುಂಟು.

ಪರೀಕ್ಷಾಕ್ರಮ ಸರಳವಾದುದು. ಅದೇ ಕಡತವನ್ನು ಟಿಮಕ್ಸ್‌ನ ಹೊರಗೆ ಅಥವಾ ಬೇರೊಂದು ಟರ್ಮಿನಲ್‌ನಲ್ಲಿ ತೆರೆಯಬೇಕು. ದೋಷ ಮರೆಯಾದರೆ ಕಡತವಾಗಲಿ ಬಣ್ಣದ ಯೋಜನೆಯಾಗಲಿ ಕಾರಣವಲ್ಲ. ಅನಂತರ ‘ಟರ್ಮ್’ ಚರದ ಮೌಲ್ಯವನ್ನು ನೋಡಿ, ‘ಇನ್ಫೋಕಂಪ್’ ಆಜ್ಞೆಯ ಫಲಿತದಲ್ಲಿ ಬಿಸಿಇ ನಮೂದು ಇದೆಯೇ ಎಂದು ಪರಿಶೀಲಿಸಬೇಕು. ಸಾಕ್ಷ್ಯ ಸುಳ್ಳಾಗಿದ್ದರೆ ಆ ಮೌಲ್ಯವನ್ನೇ ತಿದ್ದುವುದು ಯುಕ್ತ. ಸಾಕ್ಷ್ಯ ಸರಿಯಿದ್ದೂ ವಿಮ್ ಅದನ್ನು ಗಮನಿಸದಿದ್ದರೆ, ವಿಮ್‌ನ ಸಂರಚನಾ ಕಡತದಲ್ಲಿ ‘ಟಿ_ಯುಟಿ’ ಎಂಬ ಆಯ್ಕೆಗೆ ಶೂನ್ಯ ಮೌಲ್ಯ ಕೊಡಬೇಕು. ಆಗ ವಿಮ್ ಅಳಿಸುವ ಆಜ್ಞೆಯನ್ನು ನೆಚ್ಚದೆ, ಬಣ್ಣಸಹಿತವಾದ ಖಾಲಿ ಅಕ್ಷರಗಳನ್ನು ತೆರೆಯ ಮೇಲೆ ತಾನೇ ಬರೆಯುತ್ತದೆ. ಇವು ಕಡತವನ್ನು ಸೇರುವುದಿಲ್ಲ.

ಹೀಗೆ ನೋಡಿದರೆ ಇಲ್ಲಿ ಕೆಟ್ಟಿರುವುದು ಪಾಠವಲ್ಲ. ಪಾಠವನ್ನು ತೋರಿಸುವ ಸಾಧನದ ಬಗೆಗಿನ ತಿಳಿವಳಿಕೆ. ಮೂಲವನ್ನು ಮುಟ್ಟುವ ಮುನ್ನ ಸಾಕ್ಷಿಯನ್ನು ಪರೀಕ್ಷಿಸಬೇಕೆಂಬ ನಮ್ಮ ಶಾಸ್ತ್ರದ ನಿಯಮವು ಈ ಯಂತ್ರಕ್ಕೂ ಸಲ್ಲುತ್ತದೆ.